ಹಳೇ ಜಿಪ್ಸಿಗೆ ಸೂಪರ್‌ಚಾರ್ಜರ್ ಹಾಕಿಸಬಹುದಾ?

ಓದುಗರ ಪ್ರಶ್ನೆ: ನಮ್ಮದು ಸಿದ್ದಾಪುರದ ಹತ್ತಿರ ಕಾಫಿ ತೋಟ. ಮನೆಯಲ್ಲಿ 2001ರ ಪೆಟ್ರೋಲ್ ಜಿಪ್ಸಿ ಇದೆ. ತೋಟದ ಕೆಸರಿಗೆ ಅಂತ ದೊಡ್ಡ ಟೈರ್ ಹಾಕಿಸಿದ್ದೇವೆ. ನಾಲ್ಕು ಜನ ಕೂತು ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಪುಲ್ಲಿಂಗೇ ಇರುವುದಿಲ್ಲ. ಸೂಪರ್‌ಚಾರ್ಜರ್ ಹಾಕಿಸಲಾ, ಇಲ್ಲ ಬೇರೆ ದೊಡ್ಡ ಇಂಜಿನ್ ಕೂರಿಸಲಾ?

ಉತ್ತರ: ಸೂಪರ್‌ಚಾರ್ಜರ್ ಅಂದರೆ ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ. ಅದನ್ನು ಹಾಕಿಸುವುದು, ಇಂಜಿನ್ ಬದಲಿಸುವುದು ಎರಡೂ ಆಗುವ ಕೆಲಸವೇ. ಆದರೆ ನಿಮ್ಮ ಗಾಡಿಗೆ ಸದ್ಯ ಎರಡೂ ಬೇಡ. ನೀವು ಹೇಳಿದ ತೊಂದರೆಯ ಒಂದು ಭಾಗ ಟೈರಿನಲ್ಲೇ ಇದೆ.

ಲೆಕ್ಕ ಹಾಕಿ ನೋಡಿ. 205/70 ಆರ್15 ಟೈರಿನ ಎತ್ತರ ಸುಮಾರು 668 ಮಿಲಿಮೀಟರ್. ಅದರ ಜಾಗದಲ್ಲಿ 235/75 ಆರ್15 ಹಾಕಿದರೆ 733 ಆಗುತ್ತದೆ. ಚಕ್ರ ದೊಡ್ಡದಾದಷ್ಟೂ ಅದನ್ನು ತಿರುಗಿಸಲು ಇಂಜಿನ್ ಹೆಚ್ಚು ಒದ್ದಾಡಬೇಕು. ಈ ಒಂದು ಬದಲಾವಣೆಯಿಂದಲೇ ನೆಲಕ್ಕೆ ಸಿಗುವ ಎಳೆತ ಶೇಕಡ 9ರಷ್ಟು ಕಡಿಮೆಯಾಗುತ್ತದೆ. ಟೈರಿನ ತೂಕ ಜಾಸ್ತಿಯಾದದ್ದು ಬೇರೆ. ಇದರ ಮೇಲೆ ನಮ್ಮ ಊರಿನ ಎತ್ತರವೂ ಸೇರಿಕೊಳ್ಳುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಲ್ಲಿ ಗಾಳಿ ತೆಳು. ಗಾಳಿಯನ್ನು ತಾನಾಗಿಯೇ ಎಳೆದುಕೊಳ್ಳುವ ಇಂಜಿನ್ ಅಷ್ಟು ಎತ್ತರದಲ್ಲಿ ಹತ್ತರಲ್ಲಿ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಹೊಸದರಲ್ಲಿ 80 ಬಿಎಚ್‌ಪಿ ಇದ್ದ ನಿಮ್ಮ 1.3 ಲೀಟರ್ ಎಂಪಿಎಫ್‌ಐ (ಒಂದೊಂದು ಸಿಲಿಂಡರಿಗೂ ಬೇರೆಯಾಗಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇರುವ) ಇಂಜಿನ್, ಕಾಲು ಶತಮಾನ ದುಡಿದ ಮೇಲೆ ಎಷ್ಟು ಉಳಿಸಿಕೊಂಡಿದೆ ಅನ್ನುವುದನ್ನು ಮೊದಲು ನೋಡಬೇಕಲ್ವಾ?

ಅದಕ್ಕೆ ಕಂಪ್ರೆಷನ್ ಟೆಸ್ಟ್, ಅಂದರೆ ಒಂದೊಂದು ಸಿಲಿಂಡರಿನಲ್ಲಿ ಎಷ್ಟು ಒತ್ತಡ ಬರುತ್ತದೆ ಅನ್ನುವ ಪರೀಕ್ಷೆ ಮಾಡಿಸಿ. ನೀವೂ ಪಕ್ಕದಲ್ಲೇ ನಿಂತು ನೋಡಿ. ಇಂಜಿನ್ ಬಿಸಿಯಾದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಬೇಕು. ಇಗ್ನಿಷನ್‌ಗೂ ಇಂಜೆಕ್ಟರ್‌ಗೂ ಹೋಗುವ ಕರೆಂಟ್ ತಪ್ಪಿಸಬೇಕು. ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು, ಇನ್ನೊಬ್ಬರು ಒಂದೊಂದೇ ಸಿಲಿಂಡರಿಗೆ ಗೇಜ್ ಹಾಕಿ ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ಬರೆದುಕೊಳ್ಳಬೇಕು. ನಾಲ್ಕೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಬೇಕು. ಒಂದು ತೀರಾ ಕೆಳಗಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಮುಳ್ಳು ಮೇಲೇರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ತೊಂದರೆ. ನಾಲ್ಕೂ ಒಟ್ಟಿಗೆ ಕಡಿಮೆ ಇದ್ದರೆ ಇಂಜಿನ್ ಪೂರ್ತಿ ಬಿಚ್ಚಿ ರಿಪೇರಿ ಮಾಡಿಸುವ ಹಂತಕ್ಕೆ ಬಂದಿದೆ ಅಂತ ಅರ್ಥ. ಅರ್ಧ ಗಂಟೆಯ ಈ ಕೆಲಸ ಮಾಡದೆ ಯಾರಾದರೂ ಸೂಪರ್‌ಚಾರ್ಜರ್ ಮಾತು ಎತ್ತಿದರೆ ದಯವಿಟ್ಟು ಗಾಡಿ ವಾಪಸ್ ತನ್ನಿ.

ಸೂಪರ್‌ಚಾರ್ಜರ್ ಒಳ್ಳೇ ಸಾಧನ, ಅದರಲ್ಲಿ ಎರಡು ಮಾತಿಲ್ಲ. ಟರ್ಬೊ ಹೊಗೆಯ ವೇಗದಿಂದ ತಿರುಗುತ್ತದೆ. ಸೂಪರ್‌ಚಾರ್ಜರ್ ಇಂಜಿನ್ ತಿರುಗಿಸುವ ಕ್ರ್ಯಾಂಕ್ ದಂಡದಿಂದ ಬೆಲ್ಟ್ ಹಾಕಿಕೊಂಡು ತಿರುಗುತ್ತದೆ. ಹಾಗಾಗಿ ಕೆಳಗಿನ ಆರ್‌ಪಿಎಂನಲ್ಲೇ ಗಾಳಿ ತುಂಬುವ ಬಗೆಯವೂ ಇವೆ, ಹೇರ್‌ಪಿನ್ ತಿರುವಿನಿಂದ ಏಳುವಾಗ ಬೇಕಾದದ್ದೂ ಅದೇ. ಆದರೆ ಗಾಳಿ ಒತ್ತಿದಾಗ ಬಿಸಿಯಾಗುತ್ತದೆ. ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು. ಕಂಪನಿಯಿಂದ ಬಂದ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಇಂಜೆಕ್ಟರ್ ಆ ಲೆಕ್ಕಕ್ಕೆ ಮಾಡಿದವಲ್ಲ. ಪೆಟ್ರೋಲ್ ಸಾಲದೆ ಹೋದರೆ ಇಂಜಿನ್ ನಾಕ್ ಹೊಡೆಯುತ್ತದೆ, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಂಡು ಬಡಿಯುತ್ತದೆ. ಬಂಕಿನ ಸಾದಾ ಪೆಟ್ರೋಲಿನಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಘಾಟಿಯಲ್ಲಿ ವೇಗ ಕಡಿಮೆ, ರೇಡಿಯೇಟರಿಗೆ ಗಾಳಿ ಕಡಿಮೆ, ಇಂಜಿನ್ ಮೇಲೆ ಭಾರ ಪೂರ್ತಿ. ಹಳೇ ಪಿಸ್ಟನ್ ತೂತಾಗುವುದು ಇಂಥ ಕಡೆಯೇ. ಅದನ್ನು ತಡೆಯಲು ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್, ದೊಡ್ಡ ಇಂಜೆಕ್ಟರ್, ಇಸಿಯು ಟ್ಯೂನಿಂಗ್, ಗಟ್ಟಿ ಕ್ಲಚ್ ಎಲ್ಲ ಬೇಕಾಗುತ್ತದೆ. ಇಷ್ಟೆಲ್ಲ ಆದ ಮೇಲೆ ಇಳಿಯುವಾಗ ಬ್ರೇಕ್ ಹಳೇದೇ ಇದ್ದರೆ ನನಗಂತೂ ಭಯ.

ಇನ್ನು ಇಂಜಿನ್ ಬದಲಿಸುವ ಮಾತು. ರ‍್ಯಾಲಿ ಆಡುವವರು ಹಳೇ ಬಲೆನೊ ಕಾರಿನ 1.6 ಲೀಟರ್ ಇಂಜಿನ್ನನ್ನು ಜಿಪ್ಸಿಗೆ ಕೂರಿಸುತ್ತಾರೆ. ಚೆನ್ನಾಗಿಯೂ ಓಡುತ್ತದೆ. ಬೇಲಿ ಹಾಕಿದ ಟ್ರ್ಯಾಕಿನಲ್ಲಿ ಆಡುವ ಗಾಡಿಯ ವಿಷಯ ಬೇರೆ, ರಸ್ತೆಗೆ ಬರುವ ಗಾಡಿಯ ವಿಷಯ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದರು. 15 ವರ್ಷ ದಾಟಿದ ನಿಮ್ಮ ಗಾಡಿಯ ಆರ್‌ಸಿ ಐದೈದು ವರ್ಷಕ್ಕೊಮ್ಮೆ ನವೀಕರಣಕ್ಕೆ ಹೋಗಲೇಬೇಕು. ಇಂಜಿನ್ ನಂಬರ್ ತಾಳೆಯಾಗದಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಅಪಘಾತವಾದರೆ ಇನ್ಶೂರೆನ್ಸ್‌ನವರು ಕೈ ಎತ್ತಲು ಅದೊಂದೇ ಸಾಕು.

ಹಾಗಾಗಿ ಮೊದಲು ಹಳೇ ಅಳತೆಯ ಟೈರ್ ಹಾಕಿಸಿ. ಮಡ್ ಟೈರ್ ಅದೇ ಅಳತೆಯಲ್ಲೂ ಹುಡುಕಬಹುದು. ಆಮೇಲೆ ಏರ್ ಫಿಲ್ಟರ್, ಪ್ಲಗ್, ಇಂಜೆಕ್ಟರ್ ಸ್ವಚ್ಛ ಮಾಡಿಸಿ, ಕ್ಲಚ್ ಜಾರುತ್ತಿದೆಯಾ ನೋಡಿಸಿ. ಬ್ರೇಕ್ ಹಿಡಿದುಕೊಂಡೇ ಓಡುತ್ತಿರುವ ಜಿಪ್ಸಿಗಳು ತೋಟಗಳಲ್ಲಿ ಬೇಕಾದಷ್ಟಿವೆ. ಜ್ಯಾಕ್ ಹಾಕಿ ನಾಲ್ಕೂ ಚಕ್ರ ಕೈಯಲ್ಲಿ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಕಂಪ್ರೆಷನ್ ಇಲ್ಲದಿದ್ದರೆ ಸಿಲಿಂಡರ್ ಬೋರ್ ಮಾಡಿಸಿ (ಸವೆದ ಒಳಗೋಡೆ ಕೊರೆಸಿ) ಹೊಸ ಪಿಸ್ಟನ್, ರಿಂಗ್ ಹಾಕಿಸಿ, ಹೆಡ್‌ನಲ್ಲಿ ವಾಲ್ವ್ ಕೂರಿಸಿ. ಸಿಲಿಂಡರ್‌ಗಳಿರುವ ಇಂಜಿನ್ ಬ್ಲಾಕೇ ಹೋಗಿದ್ದರೆ ಅದೇ ಮಾದರಿಯ ಜಿಪ್ಸಿ ಇಂಜಿನ್ ಹುಡುಕಿ. ಅದನ್ನು ಕೊಳ್ಳುವ ಮೊದಲೇ ಮಡಿಕೇರಿ ಆರ್‌ಟಿಓ ಕಚೇರಿಯಲ್ಲಿ ಅನುಮತಿ ಕೇಳಿ, ಮಾರುವವರಿಂದ ಬಿಲ್ ಮತ್ತು ಆ ಇಂಜಿನ್ ಇದ್ದ ಗಾಡಿಯ ಕಾಗದಪತ್ರ ತೆಗೆದುಕೊಳ್ಳಿ. ಹೊಸ ನಂಬರ್ ಆರ್‌ಸಿಗೆ ಏರಿದ ಮೇಲೆ ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ.