ಕ್ಯಾತ್ ವಾಕರ್, ಉಡ್ಗರೂ ನೂನಕಲ್: ಇಬ್ಬರೂ ಒಬ್ಬರೇನಾ?

ಓದುಗರ ಪ್ರಶ್ನೆ: 1977ರ 'ಷ್ಯಾಡೋ ಸಿಸ್ಟರ್' ಸಾಕ್ಷ್ಯಚಿತ್ರದ ಕವಯಿತ್ರಿ ಕ್ಯಾತ್ ವಾಕರ್. ಆದರೆ ಆಸ್ಟ್ರೇಲಿಯಾದ ಮೂಲನಿವಾಸಿ ಕಾವ್ಯದ ಮಾತು ಬಂದಾಗಲೆಲ್ಲ ಉಡ್ಗರೂ ನೂನಕಲ್ ಎಂಬ ಹೆಸರು ಕೇಳುತ್ತೇವೆ. ಇವರಿಬ್ಬರೂ ಒಬ್ಬರೇನಾ? ಯಾವ ಹೆಸರು ಬಳಸಬೇಕು?

ಉತ್ತರ: ಒಬ್ಬರೇ. ಉಡ್ಗರೂ ಎಂದೇ ಕರೆಯಿರಿ, ಅದು ಅವರು ತಾವಾಗಿ ಆರಿಸಿಕೊಂಡ ಹೆಸರು.

1920ರಲ್ಲಿ ಹುಟ್ಟಿ, ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಮಿಂಜೆರಿಬಾ ದ್ವೀಪದಲ್ಲಿ ಬೆಳೆದ ಅವರ ಮೊದಲ ಹೆಸರು ಕ್ಯಾಥ್ಲೀನ್ ರಸ್ಕಾ. ವಾಕರ್ ಎಂಬುದು ಗಂಡನ ಕಡೆಯಿಂದ ಬಂದದ್ದು. 13ಕ್ಕೇ ಶಾಲೆ ಬಿಟ್ಟು ಮನೆಗೆಲಸಕ್ಕೆ ಸೇರಿದ ಆ ಹುಡುಗಿ 1964ರಲ್ಲಿ 'ವಿ ಆರ್ ಗೋಯಿಂಗ್' ಪ್ರಕಟಿಸಿದಳು. ಅಬೊರಿಜಿನಲ್, ಅಂದರೆ ಮೂಲನಿವಾಸಿ, ಕವಿಯೊಬ್ಬರ ಕವನ ಸಂಕಲನ ಅಚ್ಚಾದದ್ದು ಅದೇ ಮೊದಲು.

ಹಳೆಯ ಹೆಸರಿನ ಕಾಲದಲ್ಲಿ ಅವರು ಮೆತ್ತಗಿದ್ದರು ಎಂದುಕೊಳ್ಳಬೇಡಿ. 1963ರಲ್ಲಿ ಮೂಲನಿವಾಸಿಗಳ ಹಕ್ಕು ಕೇಳಲು ಹೋದ ನಿಯೋಗದಲ್ಲಿ ಅವರೂ ಇದ್ದರು. ಪ್ರಧಾನಿ ಮೆಂಜೀಸ್ ಉಪಚಾರಕ್ಕೆಂದು ಕುಡಿಯಲು ಮದ್ಯ ಕೊಡಲು ಬಂದಾಗ, ನಮ್ಮ ಕ್ವೀನ್ಸ್‌ಲ್ಯಾಂಡಿನಲ್ಲಿ ಹೀಗೆ ಮಾಡಿದ್ದರೆ ನಿಮ್ಮನ್ನು ಜೈಲಿಗೆ ಹಾಕುತ್ತಿದ್ದರು ಎಂದು ನೇರವಾಗಿ ಹೇಳಿದರು. ಅಲ್ಲಿ ಅಬೊರಿಜಿನಲ್ ಜನರಿಗೆ ಮದ್ಯ ಕೊಡುವುದು ಅಪರಾಧವಾಗಿತ್ತು. ಒಂದು ಸಮುದಾಯ ಯಾವ ಕಾನೂನಿನಡಿ ಬದುಕುತ್ತಿದೆ ಎಂಬುದನ್ನು ದೇಶದ ಪ್ರಧಾನಿಗೆ ಒಂದೇ ಮಾತಿನಲ್ಲಿ ಮುಟ್ಟಿಸಿದ ಈ ಪ್ರಸಂಗ ನನಗೆ ಅವರ ಕವಿತೆಗಳಷ್ಟೇ ಮುಖ್ಯ.

ಫ್ರಾಂಕ್ ಹೈಮನ್ಸ್ ನಿರ್ದೇಶಿಸಿದ 'ಷ್ಯಾಡೋ ಸಿಸ್ಟರ್' ಹಿಡಿದಿರುವುದು ಅದರ ನಂತರದ ದಿನಗಳನ್ನು. ಹುಟ್ಟೂರಿನಂಥ ದ್ವೀಪಕ್ಕೆ ಮರಳಿದ ಅವರು ಮೂಂಗಲ್ಬಾ ಎಂಬಲ್ಲಿ ನೆಲೆಸಿ, ಎಲ್ಲ ಬಣ್ಣದ ಮಕ್ಕಳನ್ನೂ ಕರೆಸಿಕೊಂಡು ತಮ್ಮವರ ಕತೆ, ಕಾಡಿನ ಆಹಾರ, ನೆಲದ ರೀತಿನೀತಿ ಕಲಿಸುತ್ತಿದ್ದರು.

ಹೆಸರು ಬದಲಾದದ್ದು ಚಿತ್ರ ಬಂದು ಹತ್ತು ವರ್ಷಕ್ಕೆ. ಬ್ರಿಟಿಷರ ಮೊದಲ ಹಡಗುಗಳು ಬಂದು 200 ವರ್ಷವಾದದ್ದನ್ನು 1988ರಲ್ಲಿ ಸಂಭ್ರಮಿಸಲು ದೇಶ ಸಜ್ಜಾಗುತ್ತಿತ್ತು. ನೆಲ ಕಳೆದುಕೊಂಡವರು ಯಾವ ಸಂಭ್ರಮ ಮಾಡಬೇಕು? 1970ರಲ್ಲಿ ಪಡೆದಿದ್ದ ಎಂ.ಬಿ.ಇ. ಎಂಬ ಬ್ರಿಟಿಷ್ ಗೌರವವನ್ನು ಅವರು ಹಿಂದಿರುಗಿಸಿದರು, ಇಂಗ್ಲಿಷ್ ಹೆಸರನ್ನೂ ಬಿಟ್ಟರು. ನೂನಕಲ್ ಎಂಬುದು ಅವರ ಜನಾಂಗದ ಹೆಸರು. ಮಗ ವಿವಿಯನ್ ಕೂಡ ಕಬೂಲ್ ಎಂದಾದರು. 1988ರಲ್ಲಿ ಬ್ರಿಸ್ಬೇನ್‌ನಲ್ಲಿ ನಡೆದ ಎಕ್ಸ್‌ಪೋ ಎಂಬ ವಿಶ್ವ ಪ್ರದರ್ಶನಕ್ಕೆ ತಾಯಿ, ಮಗ ಸೇರಿ ರೇನ್‌ಬೋ ಸರ್ಪೆಂಟ್ (ಮೂಲನಿವಾಸಿಗಳ ಸೃಷ್ಟಿಕತೆಯ ಕಾಮನಬಿಲ್ಲಿನ ಹಾವು) ಕಥನವನ್ನು ಬರೆದರು.

ಹಾಗಾಗಿ ಚಿತ್ರದಲ್ಲಿರುವ ಹೆಸರು ತಪ್ಪಲ್ಲ, ಆ ಕಾಲದ್ದು. ಗ್ರಂಥಾಲಯದಲ್ಲಿ ಹುಡುಕುವಾಗ ಮಾತ್ರ ಎರಡೂ ಹೆಸರು ಹಾಕಿ ನೋಡಿ. 1964ರ ಸಂಕಲನದ ಹಳೆಯ ಪ್ರತಿಗಳ ಮೇಲೆ ಇನ್ನೂ ಕ್ಯಾತ್ ವಾಕರ್ ಎಂದೇ ಇದೆ.