ಮನೆ ಲ್ಯಾಬಿಗೆ ಮೊದಲು ಬೇಕಾದದ್ದು ನಂಬುವಂಥ ಬಿಸಿ

ಮನೆಯಲ್ಲೇ ಪುಟ್ಟ ಜೀವಶಾಸ್ತ್ರ ಲ್ಯಾಬ್ ಮಾಡಿಕೊಳ್ಳಬೇಕು ಅನ್ನುವವರು ಸಾಮಾನ್ಯವಾಗಿ ಮೊದಲು ಕೇಳುವುದು ಪಿಸಿಆರ್ ಯಂತ್ರದ ಬಗ್ಗೆ, ಅಂದರೆ ಡಿಎನ್‌ಎ ತುಣುಕಿನ ಲೆಕ್ಕವಿಲ್ಲದಷ್ಟು ಪ್ರತಿ ಮಾಡುವ ಯಂತ್ರ. ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟುಕೊಂಡು ಅದನ್ನೂ ಮಾಡಬಹುದು, ಮಾಡಿದವರೂ ಇದ್ದಾರೆ. ಆದರೆ ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ. ಸೂಕ್ಷ್ಮಜೀವಿ ಬೆಳೆಸಲು ನೀವು ಕಟ್ಟಿದ ಡಬ್ಬಿ 37 ಡಿಗ್ರಿ ಅಂತ ತೋರಿಸಿದರೆ, ಒಳಗೆ ನಿಜವಾಗಿ 37 ಇದೆ ಅಂತ ಹೇಗೆ ಗೊತ್ತು? ಉಪಕರಣ ಕಟ್ಟುವುದು ಒಂದು ಭಾನುವಾರದ ಕೆಲಸ. ಅದು ಹೇಳುವುದನ್ನು ನಂಬಬಹುದಾ ಅಂತ ನೋಡುವುದೇ ದೊಡ್ಡ ಕೆಲಸ.

ಕುಕ್ಕರನ್ನೇ ತೆಗೆದುಕೊಳ್ಳಿ. ಲ್ಯಾಬಿನಲ್ಲಿ ಬಾಟಲಿಗಳನ್ನೂ ಸೂಕ್ಷ್ಮಜೀವಿ ಬೆಳೆಸುವ ಆಹಾರವನ್ನೂ ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಆಟೋಕ್ಲೇವ್, 15 ಪಿಎಸ್‌ಐ (ಒತ್ತಡದ ಅಳತೆ) ಒತ್ತಡದಲ್ಲಿ 121 ಡಿಗ್ರಿ ಮುಟ್ಟುತ್ತದೆ. ನಮ್ಮ ಕುಕ್ಕರಿನ ವಿಸಲ್ ತೂಕ ಇರುವುದೂ ಹೆಚ್ಚುಕಡಿಮೆ ಅದೇ ಒತ್ತಡಕ್ಕೆ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಹೊರಗಿನ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಅದೇ ಕುಕ್ಕರ್ ಮಂಗಳೂರಿಗಿಂತ ಇಲ್ಲಿ ಒಂದೆರಡು ಡಿಗ್ರಿ ಕೆಳಗೇ ನಿಲ್ಲುತ್ತದೆ. ಲ್ಯಾಬ್ ಪುಸ್ತಕದಲ್ಲಿ 15 ನಿಮಿಷ ಅಂತಿದ್ದರೆ ನೀವು ಅರ್ಧ ಗಂಟೆ ಇಡಿ. ಅದಕ್ಕಿಂತ ಮುಖ್ಯವಾದದ್ದು ಗಾಳಿ. ತೂಕ ಇಡುವ ಮೊದಲು ಐದು ನಿಮಿಷ ಹಬೆ ಜೋರಾಗಿ ಹೊರಗೆ ಬರಲಿ. ಒಳಗೆ ಗಾಳಿ ಉಳಿದರೆ ವಿಸಲ್ ಹೊಡೆಯುತ್ತದೆ, ಆದರೆ ಬಿಸಿ ಮಾತ್ರ ಅಷ್ಟು ಏರಿರುವುದಿಲ್ಲ. ಬಾಟಲಿಯ ಮುಚ್ಚಳ ಸಡಿಲ ಇರಲಿ. ಕೆಲಸ ಮುಗಿದ ಮೇಲೆ ತೂಕ ಎತ್ತಬೇಡಿ, ತಾನಾಗೇ ತಣಿಯಲಿ. ಆತುರಪಟ್ಟರೆ ಬಾಟಲಿಯಲ್ಲಿರುವುದೆಲ್ಲ ಉಕ್ಕಿ ಹೊರಗೆ ಬರುತ್ತದೆ. ಈ ಕುಕ್ಕರ್ ಅಡುಗೆಮನೆಗೆ ವಾಪಸ್ ಹೋಗಬಾರದು. ತಟ್ಟೆಗಳಲ್ಲಿ ಬೆಳೆಸಿದ ಸೂಕ್ಷ್ಮಜೀವಿಗಳನ್ನು ಎಸೆಯುವ ಮೊದಲು ಇದರಲ್ಲೇ ಕೊಲ್ಲಬೇಕಲ್ಲ.

ಇನ್ನು ಇನ್‌ಕ್ಯುಬೇಟರ್, ಅಂದರೆ ತಟ್ಟೆಗಳನ್ನು ಒಂದೇ ಬಿಸಿಯಲ್ಲಿ ಇಡುವ ಪೆಟ್ಟಿಗೆ. ಮೀನು ಕಳಿಸುವ ಥರ್ಮೋಕೋಲ್ ಪೆಟ್ಟಿಗೆ, ಒಂದು ಬಲ್ಬ್, ಒಂದು ಕಂಪ್ಯೂಟರ್ ಫ್ಯಾನ್, ಒಂದು ಟೆಂಪರೇಚರ್ ಕಂಟ್ರೋಲರ್, ಇಷ್ಟು ಸಾಕು. ಮನೆಯಲ್ಲಿ ಕೋಳಿಮರಿ ಮಾಡಿಸುವವರು ಬಳಸುವುದೂ ಇದೇ ಎಸ್‌ಟಿಸಿ-1000 ಅಥವಾ ಡಬ್ಲ್ಯು1209 ಕಂಟ್ರೋಲರ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿದರೆ ಸಿಗುತ್ತದೆ. ಎಲ್‌ಇಡಿ ಬಲ್ಬ್ ಹಾಕಿ ಬಿಸಿಯೇ ಆಗ್ತಿಲ್ಲ ಅನ್ನುವವರು ತುಂಬಾ ಜನ. ಅದು ಬಿಸಿ ಕೊಡಲು ಮಾಡಿದ್ದಲ್ಲ, ಹಳೇ ತಂತಿಯ ಬಲ್ಬೇ ಬೇಕು. ಅದನ್ನು ಪಿಂಗಾಣಿ ಹೋಲ್ಡರಿಗೆ ಹಾಕಿ, ಸುತ್ತ ತೂತು ಮಾಡಿದ ತಗಡಿನ ಡಬ್ಬ ಮುಚ್ಚಿ. ಬಲ್ಬ್ ತಾಗಿದರೆ ಥರ್ಮೋಕೋಲ್ ಕರಗುತ್ತದೆ, ಬೆಂಕಿಯೂ ಹಿಡಿಯಬಹುದು.

ಕಂಟ್ರೋಲರ್ ನೋಡುವುದು ತನ್ನ ಸೆನ್ಸರ್ ತುದಿಯ ಗಾಳಿಯನ್ನು ಮಾತ್ರ. ಬಲ್ಬ್ ಹತ್ತಿ ಆರಿ ಆ ಗಾಳಿ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ತಟ್ಟೆಯೊಳಗಿನ ಅಗರ್‌ಗೆ, ಅಂದರೆ ಸೂಕ್ಷ್ಮಜೀವಿಗಳು ಬೆಳೆಯುವ ಜೆಲ್ಲಿಗೆ, ತಾಗುವ ಬಿಸಿಯೇ ಬೇರೆ. ಅದಕ್ಕೆ ತಟ್ಟೆಗಳ ಪಕ್ಕ ನೀರು ತುಂಬಿದ ಚಿಕ್ಕ ಬಾಟಲಿ ಇಟ್ಟು, ಅದರೊಳಗೆ ಇನ್ನೊಂದು ಥರ್ಮಾಮೀಟರ್ ಇಳಿಬಿಡಿ. ನೀವು ಬರೆದಿಟ್ಟುಕೊಳ್ಳಬೇಕಾದ್ದು ಅದರ ಅಂಕಿ. ಮೇಲಿನ ಹಲಗೆಯಲ್ಲೊಮ್ಮೆ, ಕೆಳಗಿನದರಲ್ಲೊಮ್ಮೆ ಇಟ್ಟು ನೋಡಿ. ಫ್ಯಾನ್ ಇಲ್ಲದಿದ್ದರೆ ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ಕಣ್ಣಾರೆ ಕಾಣುತ್ತದೆ.

ಆ ಥರ್ಮಾಮೀಟರ್ ಸರಿ ಇದೆ ಅಂತ ಹೇಗೆ ಗೊತ್ತು, ಅಲ್ವಾ? ಜ್ವರ ನೋಡುವ ಡಿಜಿಟಲ್ ಕಡ್ಡಿ ಮನೆಯಲ್ಲೇ ಇದೆ. 37ರ ಆಸುಪಾಸಿನಲ್ಲಿ ಅಷ್ಟು ನಿಖರವಾದ ಅಗ್ಗದ ಸಾಧನ ಬೇರೆ ಸಿಗುವುದು ಕಷ್ಟ. ಬೆಚ್ಚಗಿನ ನೀರಿನಲ್ಲಿ ಎರಡರ ತುದಿಯನ್ನೂ ಒಟ್ಟಿಗೆ ಅದ್ದಿ ನೋಡಿ. ಜ್ವರದ ಕಡ್ಡಿ ಅತಿ ಹೆಚ್ಚಿನ ಅಂಕಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಪ್ರತಿ ಸಲ ಆಫ್ ಮಾಡಿ ಮತ್ತೆ ಆನ್ ಮಾಡಿ. ಕೆಳಗಿನ ಕೊನೆಗೆ, ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಬೆರೆಸಿದರೆ ಸೊನ್ನೆ ಡಿಗ್ರಿ ಸಿಕ್ಕಿತು. ಕುದಿಯುವ ನೀರನ್ನು ನೂರು ಅಂತ ಹಿಡಿಯಬೇಡಿ. ಬೆಂಗಳೂರಿನಲ್ಲಿ ಅದು ಸುಮಾರು 97.

ಶುರುಮಾಡುವವರಿಗೆ ಆಲೂಗಡ್ಡೆ ಅಗರ್ ಸಾಕು. 200 ಗ್ರಾಂ ಆಲೂಗಡ್ಡೆ ಬೇಯಿಸಿ ಸೋಸಿದ ನೀರು, 20 ಗ್ರಾಂ ಗ್ಲೂಕೋಸ್, 15 ಗ್ರಾಂ ಅಗರ್, ಎಲ್ಲ ಸೇರಿ ಒಂದು ಲೀಟರ್. ದಿನಸಿ ಅಂಗಡಿಯ ಚೈನಾ ಗ್ರಾಸ್ ಅಂದರೆ ಅಗರೇ, ಗಟ್ಟಿಯಾಗುವುದು ಮಾತ್ರ ಬ್ರಾಂಡಿನ ಮೇಲೆ. ಬೇಕರಿ ಯೀಸ್ಟ್ ಇದರ ಮೇಲೆ ಚೆನ್ನಾಗಿ ಬೆಳೆಯುತ್ತದೆ, ಅದಕ್ಕೆ 37 ಕೂಡ ಬೇಡ, 28 ಸಾಕು. ಬಾಯಿ, ಗಾಯ, ಚರಂಡಿಯಿಂದ ತೆಗೆದದ್ದನ್ನು ಮಾತ್ರ ಬೆಳೆಸಬೇಡಿ. ಏನು ಬೆಳೆಯುತ್ತಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಜೀನ್ ಬದಲಿಸಿದ ಜೀವಿಗಳ ಕೆಲಸ ನಮ್ಮಲ್ಲಿ 1989ರ ನಿಯಮಗಳ ಅಡಿಯಲ್ಲಿ ಬರುತ್ತದೆ. ಅದು ಮನೆಯ ಕೋಣೆಗಲ್ಲ.

ಪ್ರತಿ ಸಲವೂ ಒಂದು ತಟ್ಟೆಗೆ ಏನೂ ಹಾಕದೆ ಹಾಗೇ ಇಡಿ. ಎರಡು ದಿನದಲ್ಲಿ ಅದರ ಮೇಲೂ ಚುಕ್ಕೆ ಎದ್ದರೆ ಕುಕ್ಕರ್ ಕೈಕೊಟ್ಟಿದೆ, ಇಲ್ಲ ಅಗರ್ ಅನ್ನು ತಟ್ಟೆಗೆ ಸುರಿಯುವಾಗ ಗಾಳಿಯಿಂದ ಬಿದ್ದಿದೆ. ಅಗರಿನ ಆಳದಲ್ಲಿ ಬೆಳೆದಿದ್ದರೆ ಬಹುಶಃ ಮೊದಲನೆಯದು, ಮೇಲ್ಮೈಯಲ್ಲಿ ಮಾತ್ರ ಇದ್ದರೆ ಸಾಮಾನ್ಯವಾಗಿ ಎರಡನೆಯದು. ಗಾಳಿಯದ್ದಕ್ಕೆ ಪರಿಹಾರ ಸುಲಭ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬವನ್ನು ಬೋರಲು ಹಾಕಿ, ಕೈ ಹೋಗುವಷ್ಟು ಎರಡು ತೂತು ಮಾಡಿ, ಕೋಣೆಯ ಫ್ಯಾನ್ ನಿಲ್ಲಿಸಿ ಅದರೊಳಗೆ ಕೆಲಸ ಮಾಡಿ. ಸ್ಪಿರಿಟ್ ಸಿಂಪಡಿಸಿದ ಡಬ್ಬದೊಳಗೆ ದೀಪ ಹಚ್ಚಬೇಡಿ, ಅಷ್ಟೇ.

ಮೈಕ್ರೋಸ್ಕೋಪ್ ಬೇಕಿದ್ದರೆ ಹಳೇ ವೆಬ್‌ಕ್ಯಾಮಿನ ಲೆನ್ಸ್ ತಿರುಗಿಸಿ ಕೂರಿಸಿ, ಈರುಳ್ಳಿ ಸಿಪ್ಪೆಯ ಕೋಶ ಕಾಣುತ್ತದೆ. ಇಂಥ ಕೆಲಸಗಳನ್ನು ಹಂಚಿಕೊಳ್ಳುವ ಹ್ಯಾಕ್ಟೀರಿಯಾ ಬಳಗವನ್ನು 2009ರಲ್ಲಿ ಕಟ್ಟಿದ ಮೂವರಲ್ಲಿ ಬೆಂಗಳೂರಿನ ಯಶಸ್ ಶೆಟ್ಟಿಯೂ ಒಬ್ಬರು.

ಜೋರಾಗಿ ತಿರುಗಿಸಿ ದ್ರವದಲ್ಲಿರುವುದನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜ್ ಒಂದನ್ನು ಮಾತ್ರ ಮಿಕ್ಸಿ ಮೋಟಾರಿನಿಂದ ಕಟ್ಟಬೇಡಿ ಅಂತ ಗಟ್ಟಿಯಾಗಿ ಹೇಳುತ್ತೇನೆ. ಒಂದು ಬದಿ ತೂಕ ಹೆಚ್ಚಾದರೂ ಸಾಕು, ತಿರುಗುತ್ತಿರುವ ತುಂಡು ಕಿತ್ತು ಮುಖಕ್ಕೇ ಬರುತ್ತದೆ. ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ತಂಡ 2017ರಲ್ಲಿ ತೋರಿಸಿದ ಪೇಪರ್‌ಫ್ಯೂಜ್ ಬೇರೆ ಜಾತಿ. ಗುಂಡಿಗೆ ದಾರ ಪೋಣಿಸಿ ಎಳೆದಾಡುವ ಮಕ್ಕಳ ಆಟವೇ ಅದರ ಮೂಲ. 20 ಅಮೆರಿಕನ್ ಸೆಂಟ್ ಬೆಲೆಯ ಕಾಗದದ ಬಿಲ್ಲೆ ನಿಮಿಷಕ್ಕೆ 1,25,000 ಸುತ್ತಿನವರೆಗೂ ತಿರುಗಿತ್ತು, ರಕ್ತದಿಂದ ಪ್ಲಾಸ್ಮಾವನ್ನೂ (ರಕ್ತದ ದ್ರವ ಭಾಗ) ಬೇರ್ಪಡಿಸಿತ್ತು. ಆದರೆ ಅದರಲ್ಲಿ ಹಿಡಿಸುವುದು ಕೆಲವೇ ಹನಿ. ಒಂದು ಲೋಟ ಯೀಸ್ಟ್ ಬೇರ್ಪಡಿಸಬೇಕಾದರೆ ಫ್ರಿಜ್ಜಿನಲ್ಲಿ ಸುಮ್ನೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅದು ತಳದಲ್ಲಿ ಕೂತಿರುತ್ತದೆ, ಮೇಲಿನ ನೀರನ್ನು ನಿಧಾನಕ್ಕೆ ಬಗ್ಗಿಸಿದರೆ ಆಯಿತು.