ಕೆಂಪು ದೀಪದಿಂದ ಕಡಲ ತಳದವರೆಗೆ: ಇಂಟರ್ನೆಟ್ ಎಲ್ಲಿ ಕಡಿಯುತ್ತದೆ, ಯಾಕೆ?

ಜೂನ್ ತಿಂಗಳ ಸಂಜೆ. ಬೆಳ್ತಂಗಡಿ ಕಡೆಯ ಅಡಿಕೆ ತೋಟದೊಳಗಿನ ಮನೆ. ಚಾವಡಿಯ ಗೋಡೆಗೆ ಹೊಡೆದ ಬಿಳಿ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ದೀಪ ಕೆಂಪಗೆ ಮಿಣುಕುತ್ತಿದೆ. ಇಂಟರ್ನೆಟ್ಟನ್ನು ಬೆಳಕಿನ ರೂಪದಲ್ಲಿ ತರುವ ಗಾಜಿನ ಎಳೆಯಲ್ಲಿ, ಅಂದರೆ ಫೈಬರ್‌ನಲ್ಲಿ, ಬೆಳಕು ಬರುತ್ತಿಲ್ಲ ಎಂದರ್ಥ. ಗಾಳಿಗೆ ಎಲ್ಲೋ ಮರ ಬಿದ್ದಿದೆ.

ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ಲೆಕ್ಕದ ಪ್ರಕಾರ ಜಗತ್ತಿನ 550 ಕೋಟಿ ಜನ ಇಂಟರ್ನೆಟ್ ಬಳಸುತ್ತಿದ್ದರು, 260 ಕೋಟಿ ಜನ ಹೊರಗಿದ್ದರು. ಶ್ರೀಮಂತ ದೇಶಗಳಲ್ಲಿ ಶೇ 93, ಕಡುಬಡ ದೇಶಗಳಲ್ಲಿ ಶೇ 27. ಆದರೆ ಕಳೆದ ಮೂರು ತಿಂಗಳಲ್ಲಿ ಒಮ್ಮೆ ಬಳಸಿದವರೂ ಈ ಲೆಕ್ಕದಲ್ಲಿ ಬಳಕೆದಾರರೇ. ನಮ್ಮ ತೋಟದ ಮನೆಯ ಕೆಂಪು ದೀಪ ಅದಕ್ಕೆ ಕಾಣುವುದಿಲ್ಲ. ಒಂದು ದೇಶದ ಇಂಟರ್ನೆಟ್ ಹೇಗಿದೆ ಎಂದು ತಿಳಿಯಬೇಕಾದರೆ ಅದು ಎಷ್ಟು ದಾರಿಗಳಲ್ಲಿ ಬರುತ್ತದೆ, ಯಾವ ದಾರಿ ಯಾರ ಕೈಯಲ್ಲಿದೆ ಎಂದು ನೋಡಬೇಕು.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ, ಅದೂ ಮಹಾನಗರಗಳಲ್ಲಿ ಮಾತ್ರ. ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದದ್ದು 1998ರಲ್ಲಿ. 2004ರ ನೀತಿ 256 ಕಿಲೋಬಿಟ್ ಇದ್ದರೆ ‘ಬ್ರಾಡ್‌ಬ್ಯಾಂಡ್’ ಎಂದಿತು. ಆ ಗೆರೆ 2 ಮೆಗಾಬಿಟ್‌ಗೆ ಏರಿದ್ದು 2023ರಲ್ಲಿ. ಫಿನ್ಲೆಂಡ್ 2010ರ ಜುಲೈ 1ರಿಂದಲೇ 1 ಮೆಗಾಬಿಟ್ ಸಂಪರ್ಕವನ್ನು ಪ್ರತಿ ಪ್ರಜೆಯ ಕಾನೂನುಬದ್ಧ ಹಕ್ಕು ಮಾಡಿತ್ತು. ಅಲ್ಲಿ ಕಾಡಿನ ಅಂಚಿನ ಒಂಟಿ ಮನೆಯೂ ಕಂಪನಿಯ ಹೊಣೆ.

ನಮ್ಮಲ್ಲಿ ಆ ಒಂಟಿ ಮನೆಯೇ ದೊಡ್ಡ ಸಮಸ್ಯೆ. ಬಯಲುಸೀಮೆಯ ಊರುಗಳಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿರುತ್ತವೆ. ಇಲ್ಲಿ ಒಂದು ಮನೆ ಗುಡ್ಡೆಯ ಮೇಲೆ, ಇನ್ನೊಂದು ಗದ್ದೆಯಾಚೆ. ಒಂದು ಸಂಪರ್ಕಕ್ಕೆ ಐನೂರು ಮೀಟರ್ ವಯರ್ ಎಳೆದರೂ ಆಶ್ಚರ್ಯವಿಲ್ಲ. ಅದು ಕರೆಂಟು ಕಂಬದಿಂದ ತೆಂಗಿನ ಮರಕ್ಕೆ, ಅಲ್ಲಿಂದ ಮಾಡಿನ ಪಕಾಸಿಗೆ ಹಾಯುತ್ತದೆ. ತಾಮ್ರದ ತಂತಿಯ ಕಾಲದಲ್ಲಿ ಎಕ್ಸ್‌ಚೇಂಜಿನಿಂದ ಒಂದು ಕಿಲೋಮೀಟರಿನೊಳಗೆ ಚೆನ್ನಾಗಿ ಓಡುತ್ತಿದ್ದ ಲೈನು ನಾಲ್ಕೈದು ಕಿಲೋಮೀಟರ್ ದೂರದಲ್ಲಿ ಸೊರಗುತ್ತಿತ್ತು. ಮಳೆಗಾಲದಲ್ಲಿ ಜಾಯಿಂಟಿಗೆ ನೀರು ಇಳಿದರೆ ಅದೂ ಇಲ್ಲ, ಸಿಡಿಲು ಬಡಿದರೆ ಮೋಡೆಮ್ಮೇ ಹೋಯಿತು.

ಫೈಬರ್‌ಗೆ ನೀರಿನ ಭಯ ಕಡಿಮೆ, ಆದರೆ ಅದಕ್ಕೂ ಲೆಕ್ಕವಿದೆ. ಬೆಳಕಿನ ಶಕ್ತಿಯನ್ನು ಡಿಬಿಎಂನಲ್ಲಿ, ದಾರಿಯ ನಷ್ಟವನ್ನು ಡಿಬಿಯಲ್ಲಿ ಅಳೆಯುತ್ತಾರೆ; ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಎಕ್ಸ್‌ಚೇಂಜಿನ ಯಂತ್ರದಿಂದ ಬೆಳಕು ಸುಮಾರು ಪ್ಲಸ್ 3 ಡಿಬಿಎಂ ಶಕ್ತಿಯಲ್ಲಿ ಹೊರಡುತ್ತದೆ ಎಂದುಕೊಳ್ಳಿ. ಅದನ್ನು 32 ಮನೆಗಳಿಗೆ ಹಂಚುವ ಸ್ಪ್ಲಿಟರ್‌ನಲ್ಲೇ 17 ಡಿಬಿ ಹೋಗುತ್ತದೆ. ಹತ್ತು ಕಿಲೋಮೀಟರ್ ದಾರಿಯಲ್ಲಿ ಎರಡೂವರೆ, ಬೆಸುಗೆ ಮತ್ತು ಕನೆಕ್ಟರ್‌ಗಳಲ್ಲಿ ಒಂದೂವರೆ. ಮನೆಗೆ ಮುಟ್ಟುವುದು ಮೈನಸ್ 18. ಪೆಟ್ಟಿಗೆಗೆ ಕಡೇಪಕ್ಷ ಮೈನಸ್ 27 ಬೇಕು; ಅಂದರೆ ಕೈಯಲ್ಲಿರುವ ಉಳಿತಾಯ 9 ಡಿಬಿ. ಪ್ರತಿ 3 ಡಿಬಿಗೆ ಬೆಳಕು ಅರ್ಧವಾಗುತ್ತದೆ. ಬಾಗಿಲ ಸಂದಿಯಲ್ಲಿ ವಯರ್ ಗಟ್ಟಿಯಾಗಿ ಮಡಚಿದರೆ, ಕನೆಕ್ಟರ್ ತುದಿಗೆ ಬೆರಳಿನ ಎಣ್ಣೆ ತಾಗಿದರೆ, ಹಸಿರು ಮೂತಿಯ ಕನೆಕ್ಟರನ್ನು ನೀಲಿ ಸಾಕೆಟ್ಟಿಗೆ ಚುಚ್ಚಿದರೆ ಆ ಉಳಿತಾಯ ಕರಗುತ್ತದೆ. ಮೈನಸ್ 25ರ ಹತ್ತಿರ ಇರುವ ಲೈನು ಬಿಸಿಲಲ್ಲಿ ಓಡಿ ಗಾಳಿಮಳೆಗೆ ನಿಲ್ಲುವುದು ಇದರಿಂದಲೇ. ದೂರು ಕೊಡುವಾಗ ‘ನೆಟ್ ಇಲ್ಲ’ ಎಂದರೆ ಸಾಲದು. ಕೆಂಪು ದೀಪವೇ, ಅಥವಾ ಬೆಳಕು ಮುಟ್ಟಿದೆ ಎಂದು ತೋರಿಸುವ ‘ಪಾನ್’ ದೀಪ ಹಸಿರಾಗಿದ್ದೂ ಏನೂ ತೆರೆಯುತ್ತಿಲ್ಲವೇ ಎಂದು ಹೇಳಿ. ಮೊದಲನೆಯದಕ್ಕೆ ಏಣಿ ಹಿಡಿದು ಬರಬೇಕು, ಎರಡನೆಯದು ಹೆಚ್ಚಾಗಿ ಅವರ ಕಚೇರಿ ಅಥವಾ ಅದರಾಚೆಯ ಕೆಲಸ.

ಅದರಾಚೆ ಇರುವುದು ಪಂಚಾಯತಿಯಿಂದ ತಾಲೂಕು ಕೇಂದ್ರಕ್ಕೆ, ಅಲ್ಲಿಂದ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವ ದಾರಿ. 2011ರಲ್ಲಿ ಒಪ್ಪಿಗೆ ಸಿಕ್ಕಿ ಮುಂದೆ ಭಾರತ್‌ನೆಟ್ ಆದ ಯೋಜನೆ ಎರಡೂವರೆ ಲಕ್ಷ ಪಂಚಾಯತಿಗಳಿಗೆ ಫೈಬರ್ ಮುಟ್ಟಿಸಲು ಹೊರಟಿತು. ಆದರೆ ಅದರ ನಕ್ಷೆ ಮರದ ಗೆಲ್ಲಿನ ಹಾಗಿತ್ತು: ಬುಡದಲ್ಲಿ ಜೆಸಿಬಿ ಒಮ್ಮೆ ಅಗೆದರೆ ತುದಿಯವರೆಗಿನ ಪಂಚಾಯತಿಗಳೆಲ್ಲ ಕತ್ತಲು. 2023ರ ಆಗಸ್ಟಿನಲ್ಲಿ ಒಪ್ಪಿದ ತಿದ್ದುಪಡಿ ಯೋಜನೆ ಇದನ್ನು ಉಂಗುರ ಮಾಡಲು ಹೊರಟಿದೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಹರಿಯುತ್ತದೆ. ಹನ್ನೆರಡು ವರ್ಷ ತಡ. ಕೊರೋನಾ ಕಾಲದಲ್ಲಿ ಸುಳ್ಯ ಕಡೆಯ ಮಕ್ಕಳು ರಸ್ತೆ ಬದಿಯಲ್ಲಿ ಕೊಡೆಯಡಿ ಕೂತು ಪಾಠ ಕೇಳಿದ್ದು ಈ ನಡುವಿನ ವರ್ಷಗಳಲ್ಲೇ.

ಇನ್ನು ಕಡಲು. ಪಣಂಬೂರಿನಲ್ಲಿ ಹಡಗು ನಿಲ್ಲುತ್ತದೆ, ಮಲ್ಪೆಯಲ್ಲಿ ನೂರಾರು ಬೋಟು. ಆದರೆ ವಿದೇಶದಿಂದ ಬರುವ ಕೇಬಲ್‌ಗಳು ದಡ ಸೇರುವುದು ಮುಂಬೈ, ಚೆನ್ನೈ, ಕೊಚ್ಚಿಯಂಥ ಬೇರೆ ಊರುಗಳಲ್ಲಿ. ಆಳ ಸಮುದ್ರದಲ್ಲಿ ಆ ಕೇಬಲ್ ತೋಟಕ್ಕೆ ನೀರು ಬಿಡುವ ಪೈಪಿನಷ್ಟೇ ದಪ್ಪ. ಜಗತ್ತಿನಲ್ಲಿ ವರ್ಷಕ್ಕೆ 150ರಿಂದ 200 ಸಲ ಅವು ಕಡಿಯುತ್ತವೆ, ಹೆಚ್ಚಿನವು ಹಡಗಿನ ಲಂಗರು ಮತ್ತು ತಳ ಬಾಚುವ ಟ್ರಾಲ್ ಬಲೆಯಿಂದ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್ ಕಡಿದಾಗ ಭಾರತದ ಹೊರಸಂಪರ್ಕ ಸುಮಾರು ಅರ್ಧಕ್ಕೆ ಕುಸಿಯಿತು. 2025ರ ಸೆಪ್ಟೆಂಬರಿನಲ್ಲಿ ಜಿದ್ದಾ ಬಳಿ ಕಡಿದಾಗ ಅಷ್ಟು ಪೆಟ್ಟಾಗಲಿಲ್ಲ, ಅಷ್ಟರಲ್ಲಿ ದಾರಿಗಳು ಹೆಚ್ಚಾಗಿದ್ದವು. ಯೂಟ್ಯೂಬ್ ವಿಡಿಯೊಗಳ ಪ್ರತಿಗಳು ಭಾರತದೊಳಗಿನ ಸರ್ವರ್‌ಗಳಲ್ಲೇ ಇರುವುದರಿಂದ ಅವು ಓಡುತ್ತಿರುತ್ತವೆ. ಮನೆಯಿಂದ ವಿದೇಶಿ ಕಚೇರಿಯ ಜಾಲಕ್ಕೆ ಸೇರುವ ಖಾಸಗಿ ಸಂಪರ್ಕ, ಅಂದರೆ ವಿಪಿಎನ್, ಮಾತ್ರ ತೆವಳುತ್ತದೆ. ಹಾಗೆ ಕಂಡರೆ ಕಡಿದದ್ದು ಕಡಲಲ್ಲಿ, ನಿಮ್ಮ ಲೈನ್‌ಮ್ಯಾನ್‌ನನ್ನು ಬೈಯಬೇಡಿ.

ಒಂದೇ ದಾರಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಟೊಂಗಾ ದ್ವೀಪಗಳನ್ನು ನೋಡಬೇಕು. ಫಿಜಿಯಿಂದ ಬಂದ ಸುಮಾರು 830 ಕಿಲೋಮೀಟರ್ ಉದ್ದದ ಒಂದೇ ಕೇಬಲ್ ಆಗ ಆ ದೇಶಕ್ಕೆ ಆಧಾರವಾಗಿತ್ತು. 2022ರ ಜನವರಿ 15ರಂದು ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದು ಅದು ಚೂರುಚೂರಾಯಿತು. ದುರಸ್ತಿ ಹಡಗು ಪಪುವಾ ನ್ಯೂಗಿನಿಯಿಂದ ಬರಬೇಕಿತ್ತು. ಕೊಕ್ಕೆ ಇಳಿಸಿ ತುದಿ ಹುಡುಕಿ, ಮೇಲೆಳೆದು, ಹೊಸ ತುಂಡು ಬೆಸೆದು ಮುಗಿಸಲು ಸುಮಾರು ಐದು ವಾರ ಹಿಡಿಯಿತು. ಹೊರನಾಡಿನಲ್ಲಿ ದುಡಿಯುವವರು ಕಳಿಸುವ ಹಣದಿಂದ ಬದುಕುವ ದೇಶ ಅದು. ಗಲ್ಫಿನಿಂದ ತಿಂಗಳಿಗೊಮ್ಮೆ ಹಣ ಬರುವ ನಮ್ಮ ಮನೆಗಳಿಗೆ ಆ ಐದು ವಾರ ಅರ್ಥವಾಗುತ್ತದೆ.

ತಂತಿ ಸರಿಯಿದ್ದೂ ನೆಟ್ ನಿಲ್ಲುವುದುಂಟು. 2011ರ ಜನವರಿ ಕೊನೆಗೆ ಈಜಿಪ್ಟ್ ಸರ್ಕಾರ ಕಂಪನಿಗಳಿಗೆ ಹೇಳಿ ಸುಮಾರು ಐದು ದಿನ ಇಡೀ ದೇಶವನ್ನು ಹೊರಗಿಟ್ಟಿತು. ಯಾವ ಕೇಬಲನ್ನೂ ಕತ್ತರಿಸಲಿಲ್ಲ. ಕ್ಯೂಬಾಕ್ಕೆ ವೆನೆಜುವೆಲಾದಿಂದ ಕೇಬಲ್ 2011ರಲ್ಲೇ ಬಂದಿತ್ತು, ಆದರೆ ಜನರ ಮೊಬೈಲಿಗೆ 3ಜಿ ಸಿಕ್ಕಿದ್ದು 2018ರ ಡಿಸೆಂಬರಿನಲ್ಲಿ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಗೋಲಿಬಾರ್ ಆದ ರಾತ್ರಿ ದಕ್ಷಿಣ ಕನ್ನಡದ ಮೊಬೈಲ್ ಡೇಟಾ ನಿಂತಿತು. ಇಂಥ ಹೊತ್ತಿನಲ್ಲಿ ಟವರ್ ಕಡ್ಡಿಗಳು ಪೂರ್ತಿ ಇರುತ್ತವೆ, ಕರೆ ಹೋಗುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಮರುತಿಂಗಳು, 2020ರ ಜನವರಿ 10ರಂದು, ಕಾಶ್ಮೀರದಲ್ಲಿ ಇಂಟರ್ನೆಟ್ ನಿಲ್ಲಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮಿತಿ ಹಾಕಿತು: ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ, ಆದೇಶವನ್ನು ಪ್ರಕಟಿಸಲೇಬೇಕು. ಪ್ರಕಟವಾದ ಆದೇಶವನ್ನು ಓದಬಹುದು, ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು.